ಸಹಾಯ ಬೇಕು: ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ (ಲಸಿಕೆ ಜೊತೆ ಕೊಡುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಶಿವಮೊಗ್ಗ ಕಡೆ ಎಲ್ಲಿ ಸಿಗುತ್ತೆ?

ಸ್ವಲ್ಪ ಅರ್ಜೆಂಟ್. ತಿಂಗಳ ಹಿಂದೆ ನಮ್ಮ ಹಸುವಿಗೆ ಬೀದಿನಾಯಿ ಕಚ್ಚಿತ್ತು. ಅರಿಶಿನ ಹಚ್ಚಿ ಸುಮ್ಮನಾದೆವು, ಅದೇ ತಪ್ಪಾಯ್ತು. ಮೊನ್ನೆಯಿಂದ ಮೇವು ಮುಟ್ಟದೆ, ಒಡೆದ ದನಿಯಲ್ಲಿ ಕೂಗುತ್ತಾ, ಎಳೆಎಳೆಯಾಗಿ ಜೊಲ್ಲು ಸುರಿಸೋಕೆ ಶುರು. ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಅಪ್ಪ ಬಾಯೊಳಗೆ ಕೈ ಹಾಕಿ ನೋಡಿಬಿಟ್ಟಿದ್ದಾರೆ. ಅಡಿಕೆ ಸುಲಿದು ಬೆರಳೆಲ್ಲ ಕೊಯ್ದುಕೊಂಡಿದ್ದ ಕೈ! ನಿನ್ನೆ ಬೆಳಗ್ಗೆ ಹಸು ಸತ್ತಿತು. ಪಶುವೈದ್ಯರು ಲಕ್ಷಣ ನೋಡಿ ರೇಬೀಸ್ ಇರಬೇಕು ಅಂದರು.

ಸೋಪು ಹಾಕಿ 15 ನಿಮಿಷ ಕೈ ತೊಳೆಸಿ, ನಿನ್ನೆಯೇ ಮೊದಲ ಲಸಿಕೆ ಹಾಕಿಸಿದ್ದೇವೆ. ಉಳಿದದ್ದು 3, 7, 28ನೇ ದಿನ. ಗಾಯಕ್ಕೆ ಜೊಲ್ಲು ತಗುಲಿರುವುದರಿಂದ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಚುಚ್ಚಬೇಕಂತೆ, ಮೊದಲ ಲಸಿಕೆಯಾಗಿ 7 ದಿನದೊಳಗೆ. ಲಸಿಕೆ ಹಾಕಿಸಿದ ಆಸ್ಪತ್ರೆಯಲ್ಲಿ ಅದರ ಸ್ಟಾಕ್ ಇಲ್ಲ. ಶಿವಮೊಗ್ಗ, ಮಣಿಪಾಲದಲ್ಲಿ ಈಗ ಎಲ್ಲಿ ಸಿಗುತ್ತೆ? ಇವತ್ತೇ ವಿಚಾರಿಸಿ ಗೊತ್ತಿದ್ದವರು ದಯವಿಟ್ಟು ತಿಳಿಸಿ. "ನಾಯಿ ನಂಗೆ ಕಚ್ಚಿಲ್ವಲ್ಲ" ಅಂತ ಅಪ್ಪನದ್ದು ಒಂದೇ ಹಟ, ಎರಡು ಸಲ ಅಲೆದಾಡಿಸಿದರೆ ಬರಲ್ಲ.

ಹಾಲು ಕಾಯಿಸಿಯೇ ಕುಡಿದಿದ್ದೇವೆ, ಅದರ ಭಯ ಇಲ್ಲ ಅಂದರು ಡಾಕ್ಟರ್. ಆದರೆ ಹಸು ನೆಕ್ಕುತ್ತಿದ್ದ ಕರು ಕೊಟ್ಟಿಗೆಯಲ್ಲೇ ಇದೆ. ಹೀಗೆ ಕರುವಿಗೂ ಲಸಿಕೆ ಹಾಕಿಸಿದವರು ಯಾರಾದ್ರೂ ಇದ್ದೀರಾ?

ನಾಟಿ ಔಷಧಿ ಸಲಹೆ ಮಾತ್ರ ಬೇಡ.