ಕಡಲೆ ಬೀಜಕ್ಕೆ ರೈಜೋಬಿಯಂ ಹಚ್ಚಿದರೂ ವ್ಯತ್ಯಾಸ ಕಾಣುತ್ತಿಲ್ಲ, ಏಕೆ?

ಇಂಡಿ ಎರೆಹೊಲ:

ಇಂಡಿ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಎರೆಭೂಮಿ. ನೀರಾವರಿ ಇಲ್ಲ. ಹಿಂಗಾರಿಯಲ್ಲಿ ಒಂದು ವರ್ಷ ಬಿಳಿಜೋಳ, ಮರುವರ್ಷ ಕಡಲೆ ಎಂಬ ಕ್ರಮವನ್ನು ತಂದೆಯವರ ಕಾಲದಿಂದಲೂ ನಡೆಸಿಕೊಂಡು ಬಂದಿದ್ದೇವೆ. ಈ ಸಲ ಚಿತ್ತಿ ಮಳೆಯ ಹಸಿಗೆ ಜೆಜಿ-11 ತಳಿಯ ಕಡಲೆ ಬಿತ್ತಿದೆ. ಬಿತ್ತುವ ಮುನ್ನ ಮೂರು ಎಕರೆಯ ಬೀಜಕ್ಕೆ ಎಕರೆಗೆ 200 ಗ್ರಾಂ ಪ್ಯಾಕೆಟ್ ಒಂದರಂತೆ ರೈಜೋಬಿಯಂ ಹಚ್ಚಿದೆ; ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತದೆ ಎನ್ನುವ ಸೂಕ್ಷ್ಮಾಣು ಅದು. ಉಳಿದ ಒಂದು ಎಕರೆಯನ್ನು ಹೋಲಿಕೆಗೆಂದು ಹಾಗೆಯೇ ಬಿಟ್ಟೆ. ಇಂದಿಗೆ 38 ದಿನ. ಬದುವಿನ ಮೇಲೆ ನಿಂತು ನೋಡಿದರೆ ಹಚ್ಚಿದ್ದು ಯಾವುದು, ಬಿಟ್ಟದ್ದು ಯಾವುದು ಎಂದು ಬಿತ್ತಿದ ನನಗೇ ಗುರುತು ಹತ್ತುತ್ತಿಲ್ಲ. ಎರಡೂ ಕಡೆ ಹತ್ತು ಹತ್ತು ಗಿಡ ಕಿತ್ತು ನೋಡಿದೆ. ಬೇರಿನಲ್ಲಿ ಒಂದೋ ಎರಡೋ ಗಂಟು, ಕೆಲವಕ್ಕೆ ಅದೂ ಇಲ್ಲ.

ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಗಿಡ ಸೊರಗಿ ಒಣಗುವ ಸಿಡಿ ರೋಗದ ಭಯದಿಂದ ಶಿಲೀಂಧ್ರನಾಶಕದ ಪುಡಿಯನ್ನೂ ರೈಜೋಬಿಯಂ ಅನ್ನೂ ಒಂದೇ ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ, ಅಂಗಳದಲ್ಲಿ ತಾಡಪತ್ರಿಯ ಮೇಲೆ ಹರಡಿದೆ. ಬಿಸಿಲೇರಿದ ಮೇಲೆಯೇ ಅದನ್ನು ಎತ್ತಿದ್ದು. ಎಕರೆಗೆ ಒಂದು ಚೀಲ ಡಿಎಪಿ ಕೊಟ್ಟೆ. ಗೊಬ್ಬರ ಮಾರುವವರ ಮಾತು ಕೇಳಿ, ಅದರ ಜೊತೆ ಅರ್ಧ ಚೀಲ ಯೂರಿಯಾವನ್ನೂ ಕೂರಿಗೆಯಲ್ಲೇ ಹಾಕಿದೆ. ಪ್ಯಾಕೆಟ್ಟಿಗೆ ಹೋದ ಹಣ ಹೆಚ್ಚಲ್ಲ. ಆದರೆ ಈ ಸೂಕ್ಷ್ಮಾಣುಗಳು ನಿಜವಾಗಿ ಬೆಳೆಗೆ ಸಾರಜನಕ ಒದಗಿಸುತ್ತವೆಯೋ, ಅಥವಾ ಇದು ತರಬೇತಿ ಶಿಬಿರದಲ್ಲಿ ಹೇಳಿ ಮುಗಿಸುವ ಮಾತೋ ಎಂಬುದು ತಿಳಿಯಬೇಕಾಗಿದೆ.

ಮಣ್ಣು ನೋಡುವವ:

ತಾವು ಗಿಡವನ್ನು "ಕಿತ್ತು" ನೋಡಿದ್ದರಿಂದಲೇ ಆರಂಭಿಸುತ್ತೇನೆ. ಎರೆಮಣ್ಣಿನಲ್ಲಿ ಗಿಡ ಹಿಡಿದು ಜಗ್ಗಿದರೆ ತಾಯಿಬೇರು ಮಾತ್ರ ಕೈಗೆ ಬರುತ್ತದೆ. ಗಂಟು ಹೊತ್ತ ಎಳೆಬೇರುಗಳು ಹರಿದು ಮಣ್ಣಿನಲ್ಲೇ ಉಳಿಯುತ್ತವೆ. ಗಿಡದ ಸುತ್ತ ಒಂದು ಗೇಣು ಬಿಟ್ಟು ಸಲಿಕೆಯಿಂದ ಹೆಂಟೆಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಯಿಟ್ಟು, ಮಣ್ಣು ತಾನಾಗಿ ಕರಗಿ ಇಳಿದ ಮೇಲೆ ಬೇರನ್ನು ನೋಡಿರಿ. ಆಮೇಲೆ ನಾಲ್ಕಾರು ಗಂಟುಗಳನ್ನು ಬ್ಲೇಡಿನಿಂದ ಅಡ್ಡ ಕೊಯ್ಯಿರಿ. ಎಣಿಕೆಗಿಂತ ಒಳಗಿನ ಬಣ್ಣವೇ ಮುಖ್ಯ. ಕೆಂಪು ಅಥವಾ ಗುಲಾಬಿ ಇದ್ದರೆ ಗಂಟು ದುಡಿಯುತ್ತಿದೆ. ಬಿಳುಪಾಗಿದ್ದರೆ ಇನ್ನೂ ಎಳೆಯದು ಅಥವಾ ನಿಷ್ಪ್ರಯೋಜಕವಾದದ್ದು. ಹಸಿರು ಅಥವಾ ಕಂದು ಇದ್ದರೆ ಅದರ ಕೆಲಸ ಮುಗಿದಿದೆ. ಈ ಕೆಂಪು ಬಣ್ಣ ಲೆಗ್‌ಹಿಮೋಗ್ಲೋಬಿನ್ ಎಂಬ ವಸ್ತುವಿನದು, ನಮ್ಮ ರಕ್ತದ ಕೆಂಪಿಗೆ ದಾಯಾದಿ. ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವ ನೈಟ್ರೋಜಿನೇಸ್ ಎಂಬ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ, ಆದರೆ ಅದೇ ಗಂಟಿನೊಳಗಿನ ಸೂಕ್ಷ್ಮಾಣುವಿಗೆ ಉಸಿರಾಡಲು ಆಮ್ಲಜನಕ ಬೇಕು. ಎರಡಕ್ಕೂ ತೊಂದರೆಯಾಗದಂತೆ ಆಮ್ಲಜನಕವನ್ನು ಅಳೆದು ಅಳೆದು ಒಳಬಿಡುವುದು ಈ ಕೆಂಪು ವಸ್ತುವಿನ ಕೆಲಸ.

ಸೂಕ್ಷ್ಮಾಣುಗಳ ಕೆಲಸ ಬರಿಯ ಮಾತಲ್ಲ. ದ್ವಿದಳ ಬೆಳೆಗಳು ಬೇರುಗಂಟಿನ ಮೂಲಕ ಗಾಳಿಯ ಸಾರಜನಕ ಪಡೆಯುತ್ತವೆ ಎಂಬುದನ್ನು ಜರ್ಮನಿಯ ಹೆಲ್‌ರೀಗೆಲ್ 1886ರಲ್ಲಿ ತೋರಿಸಿಕೊಟ್ಟರು; ಹಾಲೆಂಡಿನ ಬೈಯೆರಿಂಕ್ 1888ರಲ್ಲಿ ಆ ಸೂಕ್ಷ್ಮಾಣುವನ್ನೇ ಬೇರ್ಪಡಿಸಿ ಬೆಳೆಸಿದರು. ನಾವು ಉಸಿರಾಡುವ ಗಾಳಿಯಲ್ಲಿ ಶೇ 78 ಭಾಗ ಸಾರಜನಕವೇ ಇದ್ದರೂ ಗಿಡ ಅದನ್ನು ನೇರವಾಗಿ ತಿನ್ನಲಾರದು. ಗಂಟಿನಲ್ಲಿ ಕುಳಿತ ಸೂಕ್ಷ್ಮಾಣು ಅದನ್ನು ಮಾಡಿಕೊಡುತ್ತದೆ, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತದೆ. ಈ ವ್ಯವಹಾರ ಗಿಡಕ್ಕೆ ದುಬಾರಿ. ಆದ್ದರಿಂದ ಮಣ್ಣಿನಲ್ಲಿ ಯೂರಿಯಾದ ಸಾರಜನಕ ಪುಕ್ಕಟೆ ಸಿಗುವಾಗ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ.

ತಮ್ಮ ಲೆಕ್ಕ ನೋಡಿರಿ. 50 ಕಿಲೋ ಡಿಎಪಿ ಚೀಲದಲ್ಲಿ 9 ಕಿಲೋ ಸಾರಜನಕ ಇದೆ. 45 ಕಿಲೋ ಯೂರಿಯಾ ಚೀಲದ ಅರ್ಧದಲ್ಲಿ ಇನ್ನೂ 10 ಕಿಲೋ. ಒಟ್ಟು ಎಕರೆಗೆ 19 ಕಿಲೋ ಆಯಿತು. ಮಳೆಯಾಶ್ರಿತ ಕಡಲೆಗೆ ಗಂಟು ಮೂಡುವವರೆಗಿನ ಆರಂಭದ ಆಹಾರವೆಂದು ಬೇಕಾಗುವುದು ಎಕರೆಗೆ 4ರಿಂದ 8 ಕಿಲೋ, ಡಿಎಪಿ ಒಂದರಿಂದಲೇ ಅದು ಪೂರೈಸುತ್ತದೆ. ಹಚ್ಚಿದ ಎಕರೆಗೂ ಹಚ್ಚದ ಎಕರೆಗೂ ಒಂದೇ ಪ್ರಮಾಣದ ಯೂರಿಯಾ ಬಿದ್ದಿರುವಾಗ ವ್ಯತ್ಯಾಸ ಕಾಣದಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಬೀಜೋಪಚಾರದ ಕ್ರಮವೂ ತಪ್ಪಿದೆ. ಶಿಲೀಂಧ್ರನಾಶಕವನ್ನು ಮೊದಲು ಹಚ್ಚಿ ಒಣಗಿಸಿ, ರೈಜೋಬಿಯಂ ಅನ್ನು ಕೊನೆಯಲ್ಲಿ ಬೆಲ್ಲದ ಅಂಟಿನೊಂದಿಗೆ ಲೇಪಿಸಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಬೇಕು. ವಿಷದ ಪುಡಿಯೊಂದಿಗೆ ಕಲಸಿ ಬಿಸಿಲಿಗಿಟ್ಟರೆ ಸೂಕ್ಷ್ಮಾಣು ಎಷ್ಟು ಉಳಿದೀತು? ಸಿಡಿ ರೋಗಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬಳಸಿದರೆ ಈ ಜಗಳವೇ ಇರುವುದಿಲ್ಲ, ಅದು ರೈಜೋಬಿಯಂ ಜೊತೆ ಹೊಂದಿಕೊಳ್ಳುತ್ತದೆ. ಪ್ಯಾಕೆಟ್ಟಿನ ಮೇಲೆ "ಕಡಲೆ" ಎಂದೇ ಬರೆದಿತ್ತೇ? ಕಡಲೆಯ ಸೂಕ್ಷ್ಮಾಣು ಬೇರೆ, ತೊಗರಿ, ಹೆಸರು, ಶೇಂಗಾಗಳದ್ದು ಬೇರೆ. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ನಡೆಯದು.

ಬೈಲಹೊಂಗಲ ಸೋಯಾ:

ಮೇಲಿನ ಉತ್ತರಕ್ಕೆ ನನ್ನ ಹೊಲದ ಒಂದು ಅನುಭವವನ್ನು ಸೇರಿಸುತ್ತೇನೆ. ಹತ್ತಿ ಬೆಳೆಯುತ್ತಿದ್ದ ಹೊಲದಲ್ಲಿ ನಾನು ಮೊದಲ ಸಲ ಸೋಯಾಬೀನ್ ಬಿತ್ತಿದ ವರ್ಷ, ರೈಜೋಬಿಯಂ ಹಚ್ಚಿದ ಬೀಜ ಸಾಲದೆ, ಕಡೆಯ ಆರು ಸಾಲನ್ನು ಹಚ್ಚದ ಬೀಜದಿಂದಲೇ ಮುಗಿಸಿದ್ದೆ. ಒಂದೂವರೆ ತಿಂಗಳಿಗೆ ಆ ಆರು ಸಾಲು ಅರಿಶಿನ ಬಳಿದ ಪಟ್ಟಿಯಂತೆ ರಸ್ತೆಯಿಂದಲೇ ಎದ್ದು ಕಾಣುತ್ತಿತ್ತು. ದಾರಿಯಲ್ಲಿ ಹೋಗುವವರೆಲ್ಲ ರೋಗ ಬಿದ್ದಿದೆಯೇ ಎಂದು ಕೇಳಿದರು. ಅದೇ ಹೊಲದಲ್ಲಿ ಮೂರನೆಯ ಬಾರಿ ಸೋಯಾ ಬಿತ್ತಿದಾಗ ಹಚ್ಚಿದ್ದಕ್ಕೂ ಬಿಟ್ಟದ್ದಕ್ಕೂ ಅಂಥ ಭೇದ ಉಳಿದಿರಲಿಲ್ಲ. ಸೋಯಾ ಚೀನಾದ ಕಡೆಯಿಂದ ಬಂದ ಬೆಳೆ, ಅದರ ಸೂಕ್ಷ್ಮಾಣು ನಮ್ಮ ಮಣ್ಣಿಗೆ ಹೊಸದು. ಒಮ್ಮೆ ನೆಲೆಯೂರಿದರೆ ಅದು ಮಣ್ಣಿನಲ್ಲೇ ವರ್ಷಗಟ್ಟಲೆ ಬದುಕುತ್ತದೆ. ತಮ್ಮ ಹೊಲದಲ್ಲಿ ತಲೆಮಾರಿನಿಂದ ಕಡಲೆ ನಡೆದಿರುವಾಗ ಪ್ಯಾಕೆಟ್ಟಿನ ಅತಿಥಿಗಿಂತ ಮನೆಯ ಮಂದಿಯೇ ಹೆಚ್ಚಿರಬಹುದು.

ಇನ್ನೊಂದು ವಿಚಾರ. ಒಂದು ವರ್ಷ ಏಪ್ರಿಲ್‌ನಲ್ಲೇ ಪ್ಯಾಕೆಟ್ ತಂದು ಪತ್ರಾಸಿನ (ತಗಡಿನ) ಮನೆಯಲ್ಲಿಟ್ಟು, ಜೂನ್‌ನಲ್ಲಿ ಬಳಸಿದೆ. ಒಂದು ಗಂಟೂ ಕಾಣಲಿಲ್ಲ. ತಪ್ಪು ನನ್ನದೇ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ್ದಾದರೆ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವವಾದರೆ ಮಿಲಿಲೀಟರಿಗೆ 10 ಕೋಟಿ ಜೀವಂತ ಕೋಶಗಳಿರಬೇಕು. ಕಾರ್ಖಾನೆಯಿಂದ ಹೊರಡುವಾಗ ಅಷ್ಟು ಇದ್ದರೂ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅವು ಉಳಿಯುವುದಿಲ್ಲ. ಈಗ ಬಿತ್ತನೆಯ ವಾರದಲ್ಲೇ ತರುತ್ತೇನೆ, ತಂದ ಮೇಲೆ ನೀರಿನ ಹರವಿಯ ಪಕ್ಕ ಇಡುತ್ತೇನೆ.

ಮುಧೋಳ ಕಬ್ಬು:

ನಡುವೆ ಬಂದುದಕ್ಕೆ ಕ್ಷಮಿಸಿರಿ. ಘಟಪ್ರಭೆಯ ಕಡೆ ನಮ್ಮದೆಲ್ಲ ಕಬ್ಬು. ಕಬ್ಬಿಗೂ ಇಂಥ ಸೂಕ್ಷ್ಮಾಣು ಇದೆ, ಯೂರಿಯಾ ಪೂರ್ತಿ ನಿಲ್ಲಿಸಬಹುದು ಎಂದು ಒಬ್ಬರು ದ್ರವದ ಡಬ್ಬಿ ತಂದು ತೋರಿಸುತ್ತಿದ್ದಾರೆ. ನಂಬಬಹುದೇ?

ಮಣ್ಣು ನೋಡುವವ:

ಸೂಕ್ಷ್ಮಾಣು ಇರುವುದು ನಿಜ, "ಪೂರ್ತಿ" ಎಂಬುದು ನಿಜವಲ್ಲ. ಕಬ್ಬಿನಲ್ಲಿ ಬೇರುಗಂಟು ಆಗುವುದಿಲ್ಲ. ಅಜೋಸ್ಪಿರಿಲಂ ಎಂಬ ಸೂಕ್ಷ್ಮಾಣು ಬೇರಿನ ಸುತ್ತ ವಾಸಿಸಿದರೆ, ಗ್ಲುಕೋನಾಸಿಟೋಬ್ಯಾಕ್ಟರ್ ಎಂಬುದು ಕಬ್ಬಿನ ಒಡಲಲ್ಲೇ, ಸಕ್ಕರೆಯ ನಡುವೆ ಬದುಕುತ್ತದೆ. ಇದನ್ನು 1988ರಲ್ಲಿ ಬ್ರೆಜಿಲ್‌ನ ಡೋಬರೈನರ್ ಅವರ ತಂಡ ವರದಿ ಮಾಡಿತು. ಗಂಟಿನಂಥ ಭದ್ರವಾದ ಮನೆಯಿಲ್ಲದ ಇವು ಕೊಡುವ ಸಾರಜನಕ ಕಬ್ಬಿನಂಥ ದೊಡ್ಡ ಹೊಟ್ಟೆಯ ಬೆಳೆಗೆ ಸಾಲದು. ಮಣ್ಣು ಪರೀಕ್ಷೆ ಮಾಡಿಸಿ, ನಾಲ್ಕು ಸಾಲಿನಲ್ಲಿ ಮಾತ್ರ ಯೂರಿಯಾವನ್ನು ಕಾಲುಭಾಗ ತಗ್ಗಿಸಿ ನೋಡಿರಿ. ಇಡೀ ಹೊಲವನ್ನು ಪಣಕ್ಕಿಡಬೇಡಿರಿ.

ಇಂಡಿ ಎರೆಹೊಲ:

ಹೇಳಿದಂತೆ ಹೆಂಟೆಸಮೇತ ಎತ್ತಿ ನೆನೆಹಾಕಿ ನೋಡಿದೆ. ಪ್ಯಾಕೆಟ್ಟಿನ ಮೇಲೆ ಕಡಲೆ ಎಂದೇ ಇದೆ, ಅವಧಿಯೂ ಮೀರಿಲ್ಲ. ಹಚ್ಚಿದ ಕಡೆ ಗಿಡಕ್ಕೆ ಐದರಿಂದ ಎಂಟು, ಹಚ್ಚದ ಕಡೆಯೂ ಹೆಚ್ಚುಕಡಿಮೆ ಅಷ್ಟೇ ಗಂಟು; ಸಾಸಿವೆಗಿಂತ ತುಸು ದೊಡ್ಡವು, ಕೊಯ್ದರೆ ಬಹುಪಾಲು ಬಿಳುಪು. ಆದರೆ ಒಂದು ಸಂಗತಿಯನ್ನು ಮೊದಲು ಬರೆಯಲು ಮರೆತಿದ್ದೆ. ಹಚ್ಚದೆ ಬಿಟ್ಟ ಎಕರೆಯ ಹಳ್ಳದ ಬದಿಗೆ ಬರುವಷ್ಟರಲ್ಲಿ ಯೂರಿಯಾ ತೀರಿ, ಕೊನೆಯ ನಾಲ್ಕು ಸಾಲಿಗೆ ಬರಿಯ ಡಿಎಪಿ ಬಿದ್ದಿತ್ತು. ಅಲ್ಲಿ ಎತ್ತಿದ ಮೂರು ಗಿಡಗಳಲ್ಲೂ ಇಪ್ಪತ್ತಕ್ಕೆ ಕಡಿಮೆ ಇಲ್ಲದಷ್ಟು ಗಂಟುಗಳು ಕುಡಿಬೇರಿಗೆ ಗೊಂಚಲಾಗಿ ಅಂಟಿದ್ದವು. ಕೊಯ್ದ ಬ್ಲೇಡಿಗೆ ಕೆಂಪು ರಸ ಹತ್ತಿತು, ದಾಳಿಂಬೆ ಕಾಳು ಹಿಸುಕಿದಂತೆ.

ಮಣ್ಣು ನೋಡುವವ:

ಹಾಗಾದರೆ ತಮ್ಮ ಹೊಲದ ಸ್ವಂತ ಸೂಕ್ಷ್ಮಾಣುಗಳು ಸಮರ್ಥವಾಗಿವೆ, ಅವುಗಳನ್ನು ತಡೆದದ್ದು ಯೂರಿಯಾ. ಪ್ಯಾಕೆಟ್ ಜೀವಂತವಿತ್ತೋ ಇಲ್ಲವೋ ಎಂಬುದನ್ನು ಈ ಹೋಲಿಕೆಯಿಂದ ಹೇಳಲಾಗದು; ಅದಕ್ಕೆ ಮುಂದಿನ ಕಡಲೆಯಲ್ಲಿ ಯೂರಿಯಾ ಇಲ್ಲದ ಎರಡು ಪಟ್ಟಿಗಳನ್ನೇ ಹೋಲಿಸಬೇಕು. ಈಗ ಮೇಲುಗೊಬ್ಬರವಾಗಿ ಮತ್ತೆ ಯೂರಿಯಾ ಕೊಡಬೇಡಿರಿ. ಕಾಯಿ ತುಂಬುವ ಹೊತ್ತಿಗೆ ಗಂಟುಗಳು ಕಂದುವುದು ಸಹಜ, ಆಗ ಕಂಡ ಹಸಿರು ಬಣ್ಣಕ್ಕೆ ಗಾಬರಿಯಾಗಬೇಡಿರಿ. ಆ ನಾಲ್ಕು ಸಾಲಿನ ಎರಡೂ ತುದಿಗೆ ಗೂಟ ನೆಟ್ಟು, ರಾಶಿ ಮಾಡುವಾಗ ಬೇರೆಯಾಗಿ ಬಡಿದು, ಪಕ್ಕದ ನಾಲ್ಕು ಸಾಲಿನ ಜೊತೆ ತೂಗಿ ಇಲ್ಲಿ ಬರೆಯಿರಿ.

ಇಂಡಿ ಎರೆಹೊಲ:

ಗೂಟ ನೆಟ್ಟಿದ್ದೇನೆ. ಫೆಬ್ರವರಿಯಲ್ಲಿ ತೂಕದೊಂದಿಗೆ ಬರುತ್ತೇನೆ.