ಎಳೆ ಪಾಕ: ನೂಲಿನ ಎಳೆಯೋ, ಎಳೆಗಾಯಿಯ ಎಳೆಯೋ?

ಎಲ್ಲರಿಗೂ ನಮಸ್ಕಾರ.

ಬಾದುಷಾ, ಜಾಮೂನು, ಜಿಲೇಬಿ ಥರ ಕರಿದು ಪಾಕಕ್ಕೆ ಹಾಕುವ ತಿಂಡಿಗಳ ವಿಧಾನದಲ್ಲಿ 'ಎಳೆ ಪಾಕ' ಅನ್ನುವ ಮಾತು ಬಂದೇ ಬರುತ್ತದೆ. ಇಲ್ಲಿರುವ 'ಎಳೆ' ಯಾವುದು ಅನ್ನುವುದು ನನ್ನ ಪ್ರಶ್ನೆ.

ಪ್ರಶ್ನೆ ಹುಟ್ಟಿದ್ದು ನಮ್ಮತ್ತೆ ಬರೆದಿಟ್ಟ ಅಡುಗೆ ಪುಸ್ತಕದಿಂದ. ಒಂದು ಕಡೆ "ಬಾದುಷಾಕ್ಕೆ ಎಳೆ ಪಾಕ ಬರಬೇಕು" ಅಂತಿದೆ. ಇನ್ನೊಂದು ಕಡೆ "ಜಾಮೂನಿಗೆ ಎಳೆ ಪಾಕ ಸಾಕು, ಮುಂದೆ ಹೋಗಬಾರದು" ಅಂತಿದೆ. ಬರೆದ ಕೈ ಒಂದೇ, ಪದವೂ ಒಂದೇ. ಆದರೆ ಎರಡಕ್ಕೂ ಒಂದೇ ಪಾಕ ಮಾಡಿದರೆ ಎರಡರಲ್ಲಿ ಒಂದು ತಿಂಡಿ ಕೆಡುವುದು ಖಂಡಿತ. ಜಾಮೂನು ಪಾಕವನ್ನು ಒಳಗೆ ಎಳೆದುಕೊಂಡು ಉಬ್ಬಬೇಕು. ಪಾಕ ಮಂದವಾದರೆ ಅದು ನಡುವಿನವರೆಗೆ ಇಳಿಯುವುದಿಲ್ಲ, ಜಾಮೂನು ಸುಕ್ಕುಗಟ್ಟುತ್ತದೆ. ಬಾದುಷಾದ್ದು ಇದಕ್ಕೆ ಉಲ್ಟಾ. ಸಣ್ಣ ಉರಿಯಲ್ಲಿ ನಿಧಾನವಾಗಿ ಕರಿದಾಗ ಒಳಗೆ ಪದರ ಪದರವಾಗಿ ಬಿಟ್ಟುಕೊಂಡಿರುತ್ತದೆ. ನೀರು ಪಾಕಕ್ಕೆ ಹಾಕಿದರೆ ಆ ಪದರಗಳೆಲ್ಲ ಮೆತ್ತಗಾಗಿ ಕೂತುಬಿಡುತ್ತವೆ. ಅದಕ್ಕೆ ಬೇಕಾದದ್ದು ಹೊರಗೆ ತೆಳ್ಳಗೆ ಹಿಡಿದು ಒಣಗುವ ಪಾಕ.

ಎರಡು ಹದಗಳ ವ್ಯತ್ಯಾಸ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಸೌಟಿನ ಅಂಚಿನಿಂದ ಒಂದು ತೊಟ್ಟು ತೆಗೆದು, ಬಿಸಿ ಆರಿದ ಮೇಲೆ ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ಬಿಡಿಸಬೇಕು. ಮೊದಲ ಹದದಲ್ಲಿ ಬೆರಳು ಅಂಟುತ್ತದೆ, ಪಾಕ ಎಣ್ಣೆಯ ಹಾಗೆ ಜಾರುತ್ತದೆ, ಆದರೆ ನಡುವೆ ಏನೂ ನಿಲ್ಲುವುದಿಲ್ಲ. ಇನ್ನೂ ಸ್ವಲ್ಪ ಕುದಿದ ಮೇಲೆ ಬಿಡಿಸಿದರೆ ಬೆರಳುಗಳ ನಡುವೆ ಸಣ್ಣದೊಂದು ಎಳೆ ನಿಲ್ಲುತ್ತದೆ. ಅದು ಒಂದೆಳೆ ಪಾಕ. ಥರ್ಮಾಮೀಟರ್ ಇಟ್ಟುಕೊಂಡವರಿಗೆ ಇದು ಸುಮಾರು 105 ಡಿಗ್ರಿ ಸೆಲ್ಸಿಯಸ್. ಈ ಲೆಕ್ಕ ಸಮುದ್ರಮಟ್ಟದ್ದು. ಬೆಂಗಳೂರಿನಲ್ಲಿ ನೀರೇ 97 ಡಿಗ್ರಿಯ ಹತ್ತಿರ ಕುದಿಯುವುದರಿಂದ ಅಲ್ಲಿ ಒಂದು ಮೂರು ಡಿಗ್ರಿ ಕಳೆದು ನೋಡಬೇಕು. ಬೆರಳಿಗೆ ಈ ಕೂಡಿ ಕಳೆಯುವ ತಾಪತ್ರಯ ಇಲ್ಲ.

ಈಗ ಪದಕ್ಕೆ ಬರೋಣ. ಬಾದುಷಾದ ಸಾಲಿನಲ್ಲಿರುವುದು ನೂಲಿನ ಎಳೆ, ಜಾಮೂನಿನ ಸಾಲಿನಲ್ಲಿರುವುದು ಎಳೆಗಾಯಿ, ಎಳೆಬಿಸಿಲು ಅನ್ನುವಾಗಿನ ಎಳೆ ಎಂದು ನನಗನ್ನಿಸುತ್ತದೆ. ಅಂದರೆ ಇವು ಒಂದೇ ಪದದ ಎರಡು ಅರ್ಥಗಳಲ್ಲ, ಎರಡು ಬೇರೆ ಪದಗಳು. ತಮಿಳಿನಲ್ಲಿ ಇವು ಇವತ್ತಿಗೂ ಬೇರೆಯಾಗೇ ಉಳಿದಿವೆ. ನಮ್ಮ ಎಳನೀರು ಅಲ್ಲಿ 'ಇಳನೀರ್', ನೂಲಿನ ಎಳೆ 'ಇೞೈ'. ನಮ್ಮಲ್ಲಿ ಹಳಗನ್ನಡದಲ್ಲಿದ್ದ ೞಕಾರ ಬಿದ್ದುಹೋಗಿ ಳಕಾರದಲ್ಲಿ ಸೇರಿಕೊಂಡಿತು, ಆಮೇಲೆ ಕಿವಿಗೆ ಈ ಭೇದ ಸಿಗುವುದಿಲ್ಲ.

ತೆಲುಗಿನ ಅಡುಗೆಮನೆ ಈ ವಿಷಯದಲ್ಲಿ ಬಹಳ ಸ್ಪಷ್ಟ. ಎಳೆ ಬರುವ ಪಾಕ 'ತೀಗ ಪಾಕಂ', ತೀಗ ಅಂದರೆ ಬಳ್ಳಿ ಅಥವಾ ತಂತಿ. ಎಳೆಯದಾದ ಪಾಕ 'ಲೇತ ಪಾಕಂ'. ಬಲಿತದ್ದು 'ಮುದುರು ಪಾಕಂ'. ಈ 'ಲೇತ' ನಮ್ಮ ಎಳೆಗಾಯಿಯ ಎಳೆಗೆ ಹತ್ತಿರದ ನಂಟಿನ ಪದ. ತಮಿಳಿನವರು ಒಂದೆಳೆಗೆ 'ಒರು ಕಂಬಿ ಪದಂ' ಅನ್ನುತ್ತಾರೆ, ಅಲ್ಲೂ ಗೊಂದಲವಿಲ್ಲ. ಪಾಕವನ್ನು ಕಾಯಿಯ ಹಾಗೆ ಎಳೆಯದು, ಬಲಿತದ್ದು ಅಂತ ನೋಡುವುದು ಪಕ್ಕದ ಮನೆಯಲ್ಲಿ ಮಾಮೂಲಿ ಅಂದಮೇಲೆ ನಮ್ಮಲ್ಲೂ ಇದ್ದಿದ್ದರೆ ಆಶ್ಚರ್ಯವಿಲ್ಲ ಅಲ್ವಾ? ಆಯುರ್ವೇದದಲ್ಲೂ ಎರಡೂ ದಾರಿಗಳಿವೆ. ತೈಲ, ಘೃತ ಕಾಯಿಸುವಾಗ ಮೃದು, ಮಧ್ಯ, ಖರ ಎಂದು ಪಾಕದ ಹದ ಹೇಳುತ್ತಾರೆ. ಲೇಹ್ಯ ಸರಿಯಾಗಿ ಬಂತೇ ಅಂತ ನೋಡಲು ಶಾರ್ಙ್ಗಧರ ಸಂಹಿತೆ ಹೇಳುವ ಗುರುತುಗಳಲ್ಲಿ ತಂತು ಏಳುವುದೂ ಒಂದು, ನೀರಿಗೆ ಹಾಕಿದರೆ ಮುಳುಗುವುದು ಇನ್ನೊಂದು.

ಹಾಗಾದರೆ ಓದುವಾಗ ಯಾವ ಎಳೆ ಅಂತ ಗುರುತಿಸುವುದು ಹೇಗೆ? ಹಿಂದೆ ಒಂದು, ಎರಡು ಅಂತ ಸಂಖ್ಯೆ ಇದ್ದರೆ ಅನುಮಾನವೇ ಬೇಡ, ಅದು ನೂಲು. ಸಂಖ್ಯೆ ಇಲ್ಲದಿದ್ದಾಗ ಕ್ರಿಯಾಪದ ನೋಡಬೇಕು ಅನ್ನುವುದು ನನ್ನ ವಾದ. ನೂಲಿನ ಎಳೆ 'ಬರುತ್ತದೆ', ಕಾಯುತ್ತಾ ನಿಂತರೆ ಸಿಗುವಂಥದ್ದು. ಎಳೆತನ ಬರುವುದಿಲ್ಲ, ಮೊದಲೇ ಇದ್ದು ಕಳೆದುಹೋಗುತ್ತದೆ. ಅದಕ್ಕೇ ಅಲ್ಲಿ 'ಸಾಕು', 'ಇರುವಾಗಲೇ ಇಳಿಸಿ', 'ಮುಂದೆ ಹೋಗಬಾರದು' ಅನ್ನುವ ಮಾತುಗಳು. 'ಎಳೆಯ ಪಾಕ' ಅಂತ ಬರೆದರೆ ತೊಡಕು ಬಿಡಿಸುತ್ತದೆ ಅಂದುಕೊಳ್ಳಬಹುದು. ಬಿಡಿಸುವುದಿಲ್ಲ. 'ಎರಡೆಳೆಯ ಸರ' ಅನ್ನುವಾಗ ನೂಲಿನ ಎಳೆಯೂ ಅದೇ ರೂಪಕ್ಕೆ ಬರುತ್ತದೆ.

ಬೆರಳಲ್ಲಿ ಎಳೆದು ನೋಡುವುದರಿಂದ ಎಳೆ ಪಾಕ ಅನ್ನುವ ವಿವರಣೆಯನ್ನೂ ಕೇಳಿದ್ದೇನೆ. ಕಡೆಗೋಲಿನ ಹಾಗೆ ಧಾತುವಿನ ಮೇಲೆ ನಾಮಪದ ಸೇರುವುದು ಉಂಟು, ವ್ಯಾಕರಣದ ತಕರಾರಿಲ್ಲ. ಆದರೆ ಒಂದೆಳೆ, ಎರಡೆಳೆ ಅಂತ ಎಣಿಸುವುದು ಎಳೆಗಳನ್ನು, ಎಷ್ಟು ಸಲ ಎಳೆದೆವು ಅಂತಲ್ಲ. ಹಾಗಾಗಿ ಇದನ್ನು ನಾನು ಒಪ್ಪುವುದಿಲ್ಲ.

ಇನ್ನು 'ಪಾಕ'. ಅದು ಮೊದಲು ಅಡುಗೆಯೇ. 1508ರ ಸುಮಾರಿಗೆ ಮೂರನೆಯ ಮಂಗರಸ ಬರೆದ ಸೂಪಶಾಸ್ತ್ರದ ಪಿಷ್ಟಪಾಕ, ಶಾಕಪಾಕಗಳಲ್ಲಿರುವುದು ಆ ಅರ್ಥ. ನಳಪಾಕದಲ್ಲೂ ಅದೇ. ಮನೆಮಾತಿನಲ್ಲಿ ಸುಮ್ನೆ 'ಪಾಕ' ಅಂದರೆ ಈಗ ಸಕ್ಕರೆಯದೋ ಬೆಲ್ಲದ್ದೋ ಮಾತ್ರ.

ನನಗೆ ಬೇಕಾಗಿರುವುದು ನಿಮ್ಮ ಮನೆಯ ಬಳಕೆ. ಎಳೆ ಬರುವುದಕ್ಕೆ ಮುಂಚಿನ, ಬರೀ ಅಂಟುವ ಹದಕ್ಕೆ ನೀವೇನು ಅನ್ನುತ್ತೀರಿ? ಅಂಟು ಪಾಕ, ಜಿಗುಟು ಪಾಕ, ಇನ್ನೇನಾದರೂ? ಹದ ಮೀರಿದಾಗ 'ಪಾಕ ಏರಿತು' ಅನ್ನುವವರ ಜೊತೆ 'ಪಾಕ ಬಲಿತುಹೋಯಿತು' ಅನ್ನುವವರೂ ಇದ್ದಾರಾ? ಆ ಮಾತು ಎಲ್ಲಾದರೂ ಸಿಕ್ಕರೆ ಎಳೆಗಾಯಿಯ ಅರ್ಥಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ. ಹಳೆಯ ಕೈಬರಹದ ಅಡುಗೆ ಪುಸ್ತಕ ಇರುವವರು ದಯವಿಟ್ಟು ಪದ ಮಾತ್ರ ಬರೆಯಬೇಡಿ. ಯಾವ ತಿಂಡಿಗೆ, ಯಾವ ಕ್ರಿಯಾಪದದ ಜೊತೆ ಬಂದಿದೆ ಅಂತ ಗೊತ್ತಾಗುವ ಹಾಗೆ ಇಡೀ ಸಾಲನ್ನೇ ಇದ್ದದ್ದು ಇದ್ದ ಹಾಗೆ ಕಳಿಸಿ.