ಸ್ಪೆಕ್ಟ್ರಮ್ ಪರದೆಯಲ್ಲಿ 'ಕ' ತುಂಡುತುಂಡಾಗಿ ಬರುತ್ತಿದೆ

ಪ್ರಶ್ನೆ:
ನಮಸ್ಕಾರ. ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) 48ಕೆ ಮೆಮೊರಿಯ ಹಳೆಯ ಮನೆ ಕಂಪ್ಯೂಟರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಹಾಕಿಕೊಂಡು, ಅದರ ಬೇಸಿಕ್ ಭಾಷೆಯಲ್ಲಿ ಕನ್ನಡದ 'ಕ' ಬರೆಯಲು ನೋಡುತ್ತಿದ್ದೇನೆ. 8 ಬೈಟ್‌ಗಳ ಚಿತ್ರ ರೆಡಿ ಇದೆ (ಗೆರೆಗೆ ಒಂದು ಬೈಟ್, ಬೈಟ್‌ಗೆ 8 ಚುಕ್ಕಿ). ಪರದೆಯ ಅಗಲ 256 ಚುಕ್ಕಿ, ಅಂದರೆ ಗೆರೆಗೆ 32 ಬೈಟ್. ಹಾಗಾಗಿ ಪರದೆಯ ಮೆಮೊರಿಯ ಮೊದಲ ವಿಳಾಸ 16384ರಿಂದ ಶುರು ಮಾಡಿ, ಪ್ರತಿ ಸಲ 32 ಕೂಡಿಸುತ್ತಾ ಪೋಕ್ ಮಾಡಿದೆ (ಆ ವಿಳಾಸದಲ್ಲಿ ಬೈಟ್ ಬರೆದೆ). ಅಕ್ಷರದ ಬದಲು ಎಂಟು ತುಂಡು ಗೆರೆಗಳು ದೂರದೂರ ಬಿದ್ದಿವೆ. ಎಮ್ಯುಲೇಟರ್ ಸರಿ ಇಲ್ವಾ?

ಉತ್ತರ:
ಎಮ್ಯುಲೇಟರ್ ಸರಿಯಾಗೇ ಇದೆ. 1982ರ ಅಸಲಿ ಯಂತ್ರವೂ ಹೀಗೇ ತೋರಿಸುತ್ತಿತ್ತು. ಇದರಲ್ಲಿ 32 ಕೂಡಿಸಿದರೆ ಸಿಗುವುದು ಕೆಳಗಿನ ಅಕ್ಷರ ಸಾಲಿನ (ಎಂಟು ಗೆರೆಗೆ ಒಂದು ಸಾಲು) ಮೊದಲ ಗೆರೆ. ಅದಕ್ಕೇ ನಿಮ್ಮ ತುಂಡುಗಳ ನಡುವೆ ಏಳೇಳು ಗೆರೆ ಖಾಲಿ. ಅದೇ ಅಕ್ಷರದ ಮುಂದಿನ ಗೆರೆಗೆ 256 ಕೂಡಿಸಿ ನೋಡಿ: 16384, 16640, 16896, ಹೀಗೆ ಎಂಟು ಸಲ.

ಸುಮ್ನೆ ಹೀಗೆ ಜೋಡಿಸಿದ್ದಲ್ಲ. 256 ಕೂಡಿಸುವುದೆಂದರೆ ವಿಳಾಸದ ಮೇಲಿನ ಬೈಟ್ ಒಂದು ಹೆಚ್ಚಿದರೆ ಸಾಕು. ಝಡ್80 ಪ್ರೊಸೆಸರ್‌ಗೆ ಅದು 'ಐಎನ್‌ಸಿ ಎಚ್' ಅನ್ನುವ ಒಂದೇ ಪುಟ್ಟ ಆದೇಶ. ಪಠ್ಯ ಬೇಗ ಮೂಡಿಸಲು ಇದು ತುಂಬಾ ಜಾಣ ದಾರಿ, ನನಗಂತೂ ಬಹಳ ಇಷ್ಟ. ಒಂದು ಎಚ್ಚರ: 192 ಗೆರೆಗಳು 64ರಂತೆ ಮೂರು ಭಾಗವಾಗಿವೆ, ಭಾಗಕ್ಕೆ 2048 ಬೈಟ್. ಉದ್ದನೆಯ ಚಿತ್ರ ಬರೆಯುವಾಗ ಈ ಗಡಿ ನೆನಪಿರಲಿ.

ಪ್ರಶ್ನೆ:
ಬಂತು ಸರ್, ತುಂಬಾ ಥ್ಯಾಂಕ್ಸ್! ಈಗ 'ಕ್ಕ' ಮಾಡಿ ಒತ್ತಿಗೆ ಮಾತ್ರ ಕೆಂಪು ಕೊಟ್ಟರೆ ಮೇಲಿನ ಅಕ್ಷರವೂ ಕೆಂಪಾಗುತ್ತಿದೆ.

ಉತ್ತರ:
ಎರಡನ್ನೂ ಒಂದೇ ಚೌಕದಲ್ಲಿ ತುರುಕಿದ್ದೀರಿ, ಅಲ್ವಾ? 8×8 ಚುಕ್ಕಿಗಳ ಚೌಕಕ್ಕೆ ಬಣ್ಣದ ಬೈಟ್ ಒಂದೇ. ಅದರಲ್ಲಿ ಒಂದು ಇಂಕ್ (ಅಕ್ಷರದ ಬಣ್ಣ), ಒಂದು ಪೇಪರ್ (ಹಿನ್ನೆಲೆ ಬಣ್ಣ), ಅಷ್ಟೇ. ಚುಕ್ಕಿಗಳಿಗೆ 6144 ಬೈಟ್, ಬಣ್ಣಕ್ಕೆ ಬರೀ 768. ಎಂಟು ಬಣ್ಣಗಳನ್ನು ಚುಕ್ಕಿ ಚುಕ್ಕಿಗೂ ಬೇರೆಬೇರೆ ಕೊಡಬೇಕಿದ್ದರೆ ಪರದೆಗೇ 18ಕೆ ಬೇಕಿತ್ತು. ಅಗ್ಗದ ಮಾದರಿಯಲ್ಲಿ ಇದ್ದದ್ದೇ 16ಕೆ!

ಒತ್ತನ್ನು ಕೆಳಗಿನ ಚೌಕಕ್ಕೆ ಇಳಿಸಿ. ಅದು 16416ರಿಂದ ಶುರು, ಆಮೇಲೆ ಮತ್ತೆ 256ರ ಲೆಕ್ಕ. ಅದರ ಬಣ್ಣ 22560ರಲ್ಲಿದೆ. ಅಲ್ಲಿ 58 ಹಾಕಿ: ಪೇಪರ್ 7 ಗುಣಿಸು 8, ಕೂಡಿಸು ಇಂಕ್ 2. ಬಿಳಿ ಮೇಲೆ ಕೆಂಪು ಬರುತ್ತದೆ, ಮೇಲಿನ 'ಕ' ಕಪ್ಪಾಗಿಯೇ ಉಳಿಯುತ್ತದೆ. ಕನ್ನಡಕ್ಕೆ ಹೇಗೂ ಎಂಟು ಗೆರೆ ಸಾಲದು. ತಲೆಕಟ್ಟಿಗೇ ಎರಡು ಹೋಗುತ್ತವೆ.

ಅಕ್ಷರಗಳು ಜಾಸ್ತಿಯಾದರೆ ಪೋಕ್ ಬಿಟ್ಟು ಯುಡಿಜಿಗೆ (ನಾವೇ ಚಿತ್ರ ಕೊಟ್ಟು ಮಾಡಿಕೊಳ್ಳುವ ಅಕ್ಷರಗಳು) ಹೋಗಿ. ಆಗ ಪ್ರಿಂಟ್ ಆದೇಶವೇ ಗೆರೆಗಳ ಲೆಕ್ಕ ನೋಡಿಕೊಳ್ಳುತ್ತದೆ. ಆದರೆ ಅದರಲ್ಲಿ ಜಾಗ ಇರುವುದು 21ಕ್ಕೆ. ಇನ್ನೂ ಹೆಚ್ಚು ಬೇಕಿದ್ದರೆ 23606, 23607ರಲ್ಲಿರುವ ಅಕ್ಷರ ಸೆಟ್‌ನ ವಿಳಾಸ ಬದಲಿಸಿ, 96 ಅಕ್ಷರಗಳ ನಿಮ್ಮದೇ ಸೆಟ್ ಕೂರಿಸಬಹುದು. ಸೆಟ್ ಎಲ್ಲಿ ಶುರುವೋ ಅದಕ್ಕಿಂತ 256 ಕಡಿಮೆ ವಿಳಾಸವನ್ನು ಅಲ್ಲಿ ಕೊಡಬೇಕು.